ಚೆಂಡು ಹಿಡಿದು ಓಡುವ ಹುಡುಗ ಮುಂದೆ ಏನಾಗಬೇಕು?

ವೆಲ್ಲಿಂಗ್ಟನ್ ಮೈದಾನದ ಹಳೇ ಪಾಠ, ನಮ್ಮ ಕಾಲೇಜು ಹುಡುಗರಿಗೆ ಇವತ್ತಿಗೂ ದಾರಿ

ಗೂಡಲೂರು, ಮಸಿನಗುಡಿ ಕಡೆ ಸಂಜೆ ಹೊತ್ತು ಒಂದಿಷ್ಟು ಸಮತಟ್ಟು ಜಾಗ ಸಿಕ್ಕರೆ ಸಾಕು, ಅಲ್ಲಿ ಚೆಂಡು ಉರುಳುತ್ತದೆ. ಒಬ್ಬ ಮಲಯಾಳದಲ್ಲಿ ಪಾಸ್ ಕೇಳುತ್ತಾನೆ, ಇನ್ನೊಬ್ಬ ತಮಿಳಲ್ಲಿ ಬೈಯುತ್ತಾನೆ, ಬಡಗ ಹುಡುಗ ಗೋಲು ಹೊಡೆದರೆ ಕನ್ನಡದವನು ಕುಣಿಯುತ್ತಾನೆ. ಆ ಗುಂಪಿನಲ್ಲಿ ಒಬ್ಬನಾದರೂ ಇರುತ್ತಾನೆ, ಚೆಂಡು ಕಾಲಿಗೆ ಸಿಕ್ಕಿತೋ ಇಲ್ಲವೋ ಗಾಳಿ ಹಾಗೆ ಹೋಗುವವನು. ಮೂವರು ಅಡ್ಡ ಬಂದರೂ ಆತ ನಿಲ್ಲುವುದಿಲ್ಲ. 'ಇವನು ಎಲ್ಲಿಗೋ ಹೋಗ್ತಾನೆ ನೋಡ್ರೀ' ಎಂದು ಅಂಗಡಿ ಜಗಲಿಯ ಮೇಲೆ ಕೂತವರು ಹೇಳುತ್ತಾರೆ.

ಎಲ್ಲಿಗೆ ಹೋಗುತ್ತಾನೆ? ಈ ಪ್ರಶ್ನೆ ತಮಾಷೆಯದಲ್ಲ. ಹುಡುಗ ಪಿ.ಯು. ಅಥವಾ ಪ್ಲಸ್ ಟು ಮುಗಿಸಿ ಕಾಲೇಜು ಸೇರುವ ಹೊತ್ತಿಗೆ ಅಪ್ಪನ ಮುಂದೆ ಇದು ಹಣದ ಪ್ರಶ್ನೆಯಾಗಿ, ಮನೆಯ ಮುಂದೆ ಭವಿಷ್ಯದ ಪ್ರಶ್ನೆಯಾಗಿ ನಿಲ್ಲುತ್ತದೆ. ಹಸಿ ಎಲೆಯ ಬೆಲೆ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ. ಕ್ಯಾರೆಟ್ ಮೂಟೆ ಮೇಟ್ಟುಪಾಳ್ಯಕ್ಕೆ ಇಳಿದ ಮೇಲೇ ರೇಟು ಗೊತ್ತಾಗುವುದು. ಇಂಥ ಮನೆಯಿಂದ ಒಬ್ಬ ಹುಡುಗನನ್ನು ನಾಲ್ಕೈದು ವರ್ಷ ಮೈದಾನಕ್ಕೆ ಬಿಡುವುದೆಂದರೆ ಫಸಲು ಬಾರದ ಜಮೀನಿಗೆ ಗೊಬ್ಬರ ಹಾಕಿದ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಹೋಯಿತು.

ಆದರೆ ಓಡುವ ಹುಡುಗರ ಹಣೆಬರಹವನ್ನು ಹಿಂದಿನಿಂದ ನೋಡುತ್ತಾ ಬಂದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹುಡುಗನನ್ನು ತಂಡಕ್ಕೆ ಸೇರಿಸುವುದು ಅವನ ಓಟ. ತಂಡದಲ್ಲಿ ಉಳಿಸುವುದು ಅವನು ಕಲಿತ ಎರಡನೇ ಕೆಲಸ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕೂನೂರಿನ ಪಕ್ಕದ ವೆಲ್ಲಿಂಗ್ಟನ್ನಿನಲ್ಲೇ ಇದೆ.

ಸೆಂಟರ್ ಫಾರ್ವರ್ಡ್ ಆಗಿ ಬಂದವನು

ವೆಲ್ಲಿಂಗ್ಟನ್ ಎಂದರೆ ಮದ್ರಾಸ್ ರೆಜಿಮೆಂಟಿನ ತರಬೇತಿ ಕೇಂದ್ರ. ದಕ್ಷಿಣದ ಎಲ್ಲ ರಾಜ್ಯಗಳ ಹುಡುಗರು ಅಲ್ಲಿ ಸಿಪಾಯಿಗಳಾಗಿ ತಯಾರಾಗುತ್ತಾರೆ. ಹಳಬರಿಗೆ ಮಾತ್ರ ಅದು ಇನ್ನೊಂದು ಕಾರಣಕ್ಕೂ ನೆನಪಿದೆ. 'ಎಂ.ಆರ್.ಸಿ.' ಎಂಬ ಮೂರಕ್ಷರದ ಫುಟ್‌ಬಾಲ್ ತಂಡ ಒಂದು ಕಾಲಕ್ಕೆ ದೇಶವನ್ನೇ ಗೆದ್ದಿತ್ತು. 1888ರಲ್ಲಿ ಸಿಮ್ಲಾದಲ್ಲಿ ಶುರುವಾದ ಡ್ಯುರಾಂಡ್ ಕಪ್ ಏಷ್ಯದಲ್ಲೇ ಅತಿ ಹಳೆಯ ಫುಟ್‌ಬಾಲ್ ಪಂದ್ಯಾವಳಿ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಹೈದರಾಬಾದ್ ಸಿಟಿ ಪೊಲೀಸ್ ಎಂಬ ಮೂರು ಆನೆಗಳು ಆ ಕಪ್ಪನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ, 1955ರಲ್ಲಿ ಒಮ್ಮೆ, 1958ರಲ್ಲಿ ಇನ್ನೊಮ್ಮೆ ಅದು ನೀಲಗಿರಿ ಬೆಟ್ಟ ಹತ್ತಿ ಬಂತು.

ಆ ತಂಡಕ್ಕೆ 1953ರಲ್ಲಿ ಒಬ್ಬ ಹುಡುಗ ಸೇರಿದ. ಹೆಸರು ಪೀಟರ್ ತಂಗರಾಜ್. ಹುಟ್ಟಿದ್ದು 1935ರಲ್ಲಿ, ಹೈದರಾಬಾದಿನಲ್ಲಿ. ಸಿಕಂದರಾಬಾದಿನ ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಎಂಬ ಕ್ಲಬ್ಬುಗಳಲ್ಲಿ ಆಡಿ, ಸೈನ್ಯಕ್ಕೆ ಸೇರಿದಾಗ ಇನ್ನೂ ಹದಿನೆಂಟರ ಆಸುಪಾಸು. ಇಂದಿನ ಲೆಕ್ಕದಲ್ಲಿ ಕಾಲೇಜಿನ ಮೊದಲ ವರ್ಷದ ಹುಡುಗ. ಆಗ ಅವರ ಜಾಗ ಯಾವುದು ಗೊತ್ತೆ? ಸೆಂಟರ್ ಫಾರ್ವರ್ಡ್. ಮುಂದೆ ನಿಂತು, ಚೆಂಡು ಬಂದ ಕೂಡಲೇ ಓಡಿ ಗೋಲು ಹೊಡೆಯುವ ಕೆಲಸ.

ಸೈನ್ಯದ ತಂಡದಲ್ಲಿರುವಾಗಲೇ ಅವರು ಮುಂದಿನ ಸಾಲು ಬಿಟ್ಟು ಗೋಲ್‌ಕೀಪರ್ ಆದರು. ಸೆಂಟರ್ ಫಾರ್ವರ್ಡಿಗೆ ಇದಕ್ಕಿಂತ ದೊಡ್ಡ ಹಿಂಬಡ್ತಿ ಬೇರೆ ಇಲ್ಲ ಎಂದು ಯಾರಿಗಾದರೂ ಅನ್ನಿಸಬೇಕು. ನಮ್ಮೂರ ಆಟದಲ್ಲಂತೂ ಓಡಲಾರದವನನ್ನು ಗೋಲಿನಲ್ಲಿ ನಿಲ್ಲಿಸುವುದೇ ರೂಢಿ. ತಂಗರಾಜ್ ವಿಷಯದಲ್ಲಿ ಆದದ್ದೇ ಬೇರೆ. ಆರಡಿ ಮೀರಿದ ಆಳು, ಉದ್ದ ತೋಳು. ಗೋಲು ಹೊಡೆಯುವವನ ಮನಸ್ಸು ಹೇಗೆ ಓಡುತ್ತದೆಂದು ಆ ಕೆಲಸ ಮಾಡಿಯೇ ತಿಳಿದವರು. ಮುಂದೆ ನಿಂತು ಕಲಿತ ವಿದ್ಯೆ ಹಿಂದೆ ನಿಂತಾಗ ದುಡಿಯಿತು.

ಫಲ ಎಷ್ಟು ಬೇಗ ಬಂತು ನೋಡಿ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿ ತಂಗರಾಜ್ ಇದ್ದರು. 1960ರ ರೋಮ್ ಒಲಿಂಪಿಕ್ಸಿಗೂ ಹೋದರು. ಅದೇ ವರ್ಷ ಸರ್ವಿಸಸ್ ತಂಡ ಸಂತೋಷ್ ಟ್ರೋಫಿ ಗೆದ್ದಾಗ ನಾಯಕ ಅವರೇ. ಮುಂದೆ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಈ ಮೂರಕ್ಕೂ ಆಡಿದರು. 1967ರಲ್ಲಿ ಅರ್ಜುನ ಪ್ರಶಸ್ತಿ. ಆಟ ಬಿಟ್ಟದ್ದು 1971ರಲ್ಲಿ. ಅಂದರೆ ಹದಿನೆಂಟು ವರ್ಷದ ಬಾಳಿಕೆ. ಮುಂದಿನ ಸಾಲಿನಲ್ಲಿ ಓಡುವವನಿಗೆ ಅಷ್ಟು ವರ್ಷ ಸಿಗುವುದು ಅಪರೂಪ. 2008ರಲ್ಲಿ ಅವರು ಬೊಕಾರೊದಲ್ಲಿ ತೀರಿಕೊಂಡರು.

ಅವರ ಜೊತೆ ಎರಡೂ ಒಲಿಂಪಿಕ್ಸಿಗೆ ಹೋದವರಲ್ಲಿ ಬೆಂಗಳೂರಿನ ಕೆಂಪಯ್ಯ ಕೂಡ ಒಬ್ಬರು. ಅವರು ಹಾಫ್ ಬ್ಯಾಕ್. ಹಾಫ್ ಬ್ಯಾಕ್ ಎಂದರೆ ಚೆಂಡು ನಮ್ಮದಾದಾಗ ಮುಂದೆ ತಳ್ಳಬೇಕು, ಎದುರಾಳಿಯದಾದಾಗ ಹಿಂದೆ ಓಡಿ ತಡೆಯಬೇಕು. ಎರಡು ಪಾಳಿ ದುಡಿಯುವ ಆಳು. ಹೆಸರು ಪತ್ರಿಕೆಯ ತಲೆಬರಹಕ್ಕೆ ಬರುವುದು ಕಮ್ಮಿ, ತಂಡದ ಪಟ್ಟಿಯಿಂದ ಬಿಡುವುದು ಇನ್ನೂ ಕಮ್ಮಿ.

ತಲೆಗೆ ಹೊಲಿಗೆ, ಕಾಲಿಗೆ ಹೊಸ ಕೆಲಸ

ತಂಗರಾಜ್ ಮುಂದಿನಿಂದ ಹಿಂದಕ್ಕೆ ಬಂದರೆ, ಅವರ ಜೊತೆಗಾರ ಜರ್ನೈಲ್ ಸಿಂಗ್ ಹಿಂದಿನಿಂದ ಮುಂದಕ್ಕೆ ಹೋದವರು. ಪಂಜಾಬಿನ ಮಾಹಿಲ್‌ಪುರದ ಖಾಲ್ಸಾ ಕಾಲೇಜಿನ ಹುಡುಗ. ಕಾಲೇಜು ಮೈದಾನದಿಂದಲೇ ಎದ್ದು ಮೋಹನ್ ಬಾಗಾನ್ ಮುಟ್ಟಿದವರು. ಅವರ ಜಾಗ ಗೋಲಿನ ಮುಂದಿನ ಕಾವಲು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಜರ್ನೈಲ್ ತಲೆಗೆ ಪೆಟ್ಟಾಗಿ ಆರು ಹೊಲಿಗೆ ಬಿತ್ತು. ಕಾವಲಿಗೆ ನಿಂತರೆ ಚೆಂಡನ್ನು ತಲೆಯಿಂದಲೇ ಮತ್ತೆ ಮತ್ತೆ ತಡೆಯಬೇಕು. ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರು ಈತನನ್ನು ಮನೆಗೆ ಕಳಿಸಲಿಲ್ಲ. ಸೆಮಿಫೈನಲಿಗೆ ಸೆಂಟರ್ ಫಾರ್ವರ್ಡ್ ಮಾಡಿ ಇಳಿಸಿದರು. ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರಲ್ಲಿ ಗೆದ್ದಾಗ ಒಂದು ಗೋಲು ಜರ್ನೈಲ್‌ರದು. ಸೆಪ್ಟೆಂಬರ್ 4ರ ಫೈನಲಿನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದಾಗ ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಮತ್ತೆ ಜರ್ನೈಲ್‌ರದು. ಆ ದಿನ ಗೋಲು ಕಾಯಲು ರಹೀಮ್ ಕರೆದದ್ದು ನಮ್ಮ ವೆಲ್ಲಿಂಗ್ಟನ್ನಿನ ತಂಗರಾಜ್ ಅವರನ್ನು.

ಒಂದೇ ತಂಡ, ಒಂದೇ ದಿನ. ಒಂದು ತುದಿಯಲ್ಲಿ ಫಾರ್ವರ್ಡ್ ಆಗಿದ್ದವನು ಗೋಲು ಕಾಯುತ್ತಿದ್ದಾನೆ, ಇನ್ನೊಂದು ತುದಿಯಲ್ಲಿ ಕಾವಲಿನವನು ಗೋಲು ಹೊಡೆಯುತ್ತಿದ್ದಾನೆ. ಭಾರತದ ಫುಟ್‌ಬಾಲಿಗೆ ಏಷ್ಯನ್ ಕ್ರೀಡಾಕೂಟದ ಕೊನೆಯ ಚಿನ್ನ ಬಂದದ್ದು ಹೀಗೆ. ಒಬ್ಬ ಆಟಗಾರ ಎರಡು ಕೆಲಸ ಬಲ್ಲವನಾದರೆ ತಂಡಕ್ಕೆ ಎಷ್ಟು ಲಾಭ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಅಮೆರಿಕದಲ್ಲಿ 'ಬ್ಯಾಕ್' ಅಂದರೆ ಓಡುವವನು

ಕಾಲೇಜು ಹುಡುಗನ ಓಟವನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡ ದೇಶ ಅಮೆರಿಕ. ಅಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ಕವಚ. ಚೆಂಡನ್ನು ಕೈಯಲ್ಲೇ ಹಿಡಿದು ಓಡಬಹುದು, ಎಸೆಯಬಹುದು. ಹನ್ನೊಂದು ಜನರ ತಂಡಕ್ಕೆ ನಾಲ್ಕು ಸರದಿ ಕೊಡುತ್ತಾರೆ. ನಾಲ್ಕರೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ.

ನಮ್ಮಲ್ಲಿ ಬ್ಯಾಕ್ ಎಂದರೆ ಹಿಂದೆ ನಿಂತು ಕಾಯುವವನು. ಅಲ್ಲಿ 'ರನ್ನಿಂಗ್ ಬ್ಯಾಕ್' ಎಂದರೆ ಹಿಂದಿನಿಂದ ಚೆಂಡು ಬಗಲಿಗೆ ಸಿಕ್ಕಿಸಿಕೊಂಡು ಎದುರಾಳಿಗಳ ನಡುವೆ ನುಗ್ಗುವವನು. ಕಬಡ್ಡಿ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಏಳು ಜನರ ಕೈ ತಪ್ಪಿಸಿ ಮಧ್ಯದ ಗೆರೆ ಮುಟ್ಟುವ ರೈಡರ್ ಇದ್ದಾನಲ್ಲ, ಅವನ ಅಣ್ಣ ಈ ರನ್ನಿಂಗ್ ಬ್ಯಾಕ್. ವ್ಯತ್ಯಾಸ ಇಷ್ಟೇ, ಹಿಡಿಯುವವರು ಹನ್ನೊಂದು ಮಂದಿ, ಅವರಲ್ಲಿ ಹಲವರು ನೂರು ಕಿಲೋ ಮೇಲೆ.

ಅಂಥವರಲ್ಲಿ ಎದ್ದು ನಿಲ್ಲುವ ಹೆಸರು ಬ್ಯಾರಿ ಸ್ಯಾಂಡರ್ಸ್. 1986ರಲ್ಲಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅದೇ ಜಾಗದಲ್ಲಿ ಥರ್ಮನ್ ಥಾಮಸ್ ಎಂಬ ಹೆಸರಾಂತ ಹಿರಿಯ ಇದ್ದ. ಸ್ಯಾಂಡರ್ಸ್ ಎರಡು ವರ್ಷ ಅವನ ಹಿಂದೆ ಕಾದ. ಕಾಯುವಾಗ ಸುಮ್ಮನೆ ಕೂರಲಿಲ್ಲ. ಎದುರಾಳಿ ದೂರ ಒದ್ದ ಚೆಂಡನ್ನು ಹಿಡಿದು ವಾಪಸು ಓಡಿ ಬರುವ ಕೆಲಸ ವಹಿಸಿಕೊಂಡ. ಸರಾಸರಿ ಲೆಕ್ಕದಲ್ಲಿ 1987ರಲ್ಲಿ ಆ ಕೆಲಸಕ್ಕೆ ಇಡೀ ದೇಶದ ಕಾಲೇಜುಗಳಿಗೆ ಅವನೇ ಮೊದಲಿಗ. 1988ರಲ್ಲಿ ಥಾಮಸ್ ಹೊರಟುಹೋದ, ಜಾಗ ಖಾಲಿಯಾಯಿತು. ಆ ಒಂದೇ ವರ್ಷ ಹನ್ನೊಂದು ಪಂದ್ಯಗಳಲ್ಲಿ ಸ್ಯಾಂಡರ್ಸ್ ಓಡಿದ್ದು 2,628 ಗಜ. ಕಾಲೇಜು ಆಟಗಾರನಿಗೆ ಅಲ್ಲಿ ಕೊಡುವ ಅತಿ ದೊಡ್ಡ ಬಹುಮಾನವಾದ ಹೈಸ್ಮನ್ ಟ್ರೋಫಿಯೂ ಬಂತು.

ಆ ದಾಖಲೆ ಇಂದಿಗೂ ನಿಂತಿದೆ. 2024ರಲ್ಲಿ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ಆಷ್ಟನ್ ಜೆಂಟಿ ಎಂಬ ಹುಡುಗ ಹದಿನಾಲ್ಕು ಪಂದ್ಯಗಳಲ್ಲಿ 2,601 ಗಜ ಓಡಿದ. ಇನ್ನು 27 ಗಜ ಸಿಕ್ಕಿದ್ದರೆ ಮುಟ್ಟುತ್ತಿದ್ದ. ಜೆಂಟಿ ನೌಕಾಪಡೆಯ ನೌಕರನ ಮಗ. ಅಪ್ಪನ ವರ್ಗಾವಣೆಯಿಂದಾಗಿ ಬಾಲ್ಯದ ಕೆಲವು ವರ್ಷ ಇಟಲಿಯ ನೇಪಲ್ಸಿನಲ್ಲಿ ಬೆಳೆದವನು. ಅವನ ವಿಷಯದಲ್ಲಿ ಗಮನಿಸಬೇಕಾದ ಅಂಕಿ 2024ರದಲ್ಲ, 2023ರದು. ಆ ವರ್ಷ ಅವನು ಓಡುವುದರ ಜೊತೆಗೆ ಎಸೆದ ಚೆಂಡು ಹಿಡಿಯುವುದರಲ್ಲೂ ಪಳಗಿ, 43 ಬಾರಿ ಹಿಡಿದು 569 ಗಜ ಗಳಿಸಿದ್ದ. 2025ರ ಏಪ್ರಿಲಿನಲ್ಲಿ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಆರಿಸುವಾಗ ಲಾಸ್ ವೇಗಾಸ್ ರೈಡರ್ಸ್ ತಂಡ ಇಡೀ ದೇಶಕ್ಕೆ ಆರನೆಯವನಾಗಿ ಅವನನ್ನು ತೆಗೆದುಕೊಂಡಿತು.

ಚೆಂಡು ಇಲ್ಲದಾಗ ಮಾಡುವ ಕೆಲಸ

ಅಲ್ಲಿನ ಕೋಚುಗಳು ಕಾಲೇಜಿಗೆ ಹೊಸದಾಗಿ ಬಂದ ಓಟಗಾರನನ್ನು ತಕ್ಷಣ ಮೈದಾನಕ್ಕೆ ಬಿಡದೇ ಇರುವುದಕ್ಕೆ ಒಂದು ಕಾರಣ ಇದೆ. ತಂಡದ ನಾಯಕನಂತಿರುವ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ನಿಂತಾಗ ಎದುರಾಳಿಗಳು ಅವನ ಮೈಮೇಲೆ ಬೀಳಲು ಬರುತ್ತಾರೆ. ಆಗ ಅಡ್ಡ ನಿಂತು ಹೊಡೆತ ತಿನ್ನುವ ಕೆಲಸ ಹಲವು ಸಲ ಇದೇ ಓಟಗಾರನದು. ಚೆಂಡು ಅವನ ಕೈಲಿಲ್ಲ, ಚಪ್ಪಾಳೆಯೂ ಅವನಿಗಿಲ್ಲ. ರಾತ್ರಿ ಹೊಲಕ್ಕೆ ನುಗ್ಗುವ ಕಾಡುಹಂದಿಗೆ ಅಡ್ಡ ನಿಂತ ಕಾವಲುಗಾರನ ಸ್ಥಿತಿ. ಹಂದಿ ಯಾವ ಕಡೆಯಿಂದ ಬರುತ್ತದೆಂದು ಮೊದಲೇ ಊಹಿಸಬೇಕು, ಊಹೆ ತಪ್ಪಿದರೆ ಹೊಲ ಹೋಯಿತು. ಎಷ್ಟೇ ವೇಗವಿದ್ದರೂ ಇದನ್ನು ಕಲಿಯದ ಹುಡುಗ ಬೆಂಚಿನ ಮೇಲೇ ಕೂರುತ್ತಾನೆ.

ಇನ್ನೊಂದು ಕಾರಣ ಆಯಸ್ಸಿನದು. ಪ್ರತಿ ಓಟದ ಕೊನೆಗೂ ಒಂದು ಹೊಡೆತ. ಮೊಣಕಾಲು, ಹಿಮ್ಮಡಿ, ಹೆಗಲು ಒಂದೊಂದೇ ಸವೆಯುತ್ತವೆ. ಆ ಆಟದಲ್ಲಿ ಮೂವತ್ತು ದಾಟಿದ ರನ್ನಿಂಗ್ ಬ್ಯಾಕ್ ಮುದುಕನ ಲೆಕ್ಕ. ಸ್ಯಾಂಡರ್ಸ್ ಕೂಡ ಡೆಟ್ರಾಯಿಟ್ ಲಯನ್ಸ್ ತಂಡಕ್ಕೆ ಹತ್ತು ಋತು ಆಡಿ, 1999ರ ಜುಲೈಯಲ್ಲಿ, 31ರ ವಯಸ್ಸಿಗೇ ನಿವೃತ್ತಿ ಸಾರಿದ. ಅಷ್ಟರಲ್ಲಿ ಓಡಿದ್ದು 15,269 ಗಜ. ನಮ್ಮ ಲೆಕ್ಕಕ್ಕೆ ಸುಮಾರು ಹದಿನಾಲ್ಕು ಕಿಲೋಮೀಟರ್. ಗೂಡಲೂರಿನಿಂದ ತೆಪ್ಪಕಾಡಿಗೂ ಸಾಲದ ದೂರ. ಅಷ್ಟು ದಾರಿ ಸವೆಸಲು ದೇಶದ ಅತಿ ಚುರುಕು ಕಾಲಿಗೆ ಹತ್ತು ವರ್ಷ ಬೇಕಾಯಿತು ಎಂದರೆ ಪ್ರತಿ ಗಜಕ್ಕೂ ಎಷ್ಟು ಪೆಟ್ಟು ಬಿದ್ದಿರಬೇಕು ಲೆಕ್ಕ ಹಾಕಿ.

ಅಮೆರಿಕದ ಹುಡುಗನಿಗೆ ಒಂದು ಅನುಕೂಲ ಇದೆ. ಕಾಲೇಜೇ ಅವನ ಏಣಿ. ಮೈದಾನ, ವೈದ್ಯ, ಊಟ, ಓದು ಎಲ್ಲ ಒಂದೇ ಕಡೆ. 2021ರಿಂದ ಅವನು ತನ್ನ ಹೆಸರು ಬಳಸಿ ಜಾಹೀರಾತಿನ ದುಡ್ಡು ಮಾಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ಅನುಮತಿ ಸಿಕ್ಕಿದೆ. ಕಾಲೇಜು ಪಂದ್ಯ ನೋಡಲು ಒಂದು ಲಕ್ಷ ಜನ ಸೇರುವ ಮೈದಾನಗಳೂ ಅಲ್ಲುಂಟು.

ನಮ್ಮ ಏಣಿ ಬೇರೆ

ನಮ್ಮಲ್ಲಿ ಕಾಲೇಜು ತಂಡ ಏಣಿಯ ಒಂದು ಮೆಟ್ಟಿಲು ಅಷ್ಟೇ. ಊಟಿಯ ಸರ್ಕಾರಿ ಕಲಾ ಕಾಲೇಜಿನ ಹುಡುಗ ಚೆನ್ನಾಗಿ ಆಡಿದರೆ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ತಂಡಕ್ಕೆ ಹೋಗಬಹುದು, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ. ಜಿಲ್ಲಾ ತಂಡದಿಂದ ರಾಜ್ಯ ತಂಡಕ್ಕೆ, ಸಂತೋಷ್ ಟ್ರೋಫಿಗೆ ಇನ್ನೊಂದು ದಾರಿ. ಆದರೆ ದೊಡ್ಡ ಕ್ಲಬ್ಬುಗಳು ಹುಡುಗನನ್ನು ಹುಡುಕುವುದು ಅದಕ್ಕೂ ಮೊದಲೇ, ಅಕಾಡೆಮಿಗಳಲ್ಲಿ.

ಹತ್ತಿರದ ಎರಡು ಉದಾಹರಣೆ ನೋಡಿ. ಶಿವಗಂಗೆ ಜಿಲ್ಲೆಯ ಕಂಡನೂರಿನ ಶಿವಶಕ್ತಿ ನಾರಾಯಣನ್, ರಾಮನ್ ವಿಜಯನ್ ಅವರ ಫುಟ್‌ಬಾಲ್ ಶಾಲೆಯಲ್ಲಿ ಕಲಿತು, ಬೆಂಗಳೂರು ಎಫ್.ಸಿ.ಯ ಎರಡನೇ ತಂಡದ ಮೂಲಕ ಮೊದಲ ತಂಡಕ್ಕೆ ಏರಿದವರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಎಫ್.ಸಿ. ಮುಂಬಯಿ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತಲ್ಲ, ಮೊದಲ ಗೋಲು 21 ವರ್ಷದ ಈ ಶಿವಶಕ್ತಿಯದು. ಹೌದು, ನಮ್ಮ ವೆಲ್ಲಿಂಗ್ಟನ್ ಗೆದ್ದಿದ್ದ ಅದೇ ಕಪ್. ಆ ಋತುವಿನ ಐ.ಎಸ್.ಎಲ್. ಲೀಗಿನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಇನ್ನೊಬ್ಬರು ವಿನಿತ್ ವೆಂಕಟೇಶ್. 2024ರ ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಬೆಂಗಳೂರು ಎಫ್.ಸಿ. 1-0ಯಿಂದ ಗೆದ್ದಾಗ ಆ ಒಂದು ಗೋಲು ಹೊಡೆದವರು. ವಯಸ್ಸು ಆಗ 19.

ಇಬ್ಬರೂ ಓಡಬಲ್ಲವರೇ. ಆದರೆ ಇಂದಿನ ಫುಟ್‌ಬಾಲಿನಲ್ಲಿ ಮುಂದಿನ ಸಾಲಿನವನಿಗೆ ಓಟ ಒಂದೇ ಕೆಲಸವಾಗಿ ಉಳಿದಿಲ್ಲ. ಚೆಂಡು ಕಳೆದ ಮರುಕ್ಷಣ ಅದನ್ನು ಕಿತ್ತುಕೊಳ್ಳಲು ಹಿಂದಿರುಗಿ ಬೀಳಬೇಕು. ಎದುರಾಳಿಯ ಬ್ಯಾಕ್ ಮೇಲೇರಿ ಬಂದರೆ ಅವನ ಬೆನ್ನು ಹಿಡಿದು ತನ್ನ ಗೋಲಿನವರೆಗೂ ಬರಬೇಕು. ಅಷ್ಟೇ ಏಕೆ, ಹಲವು ತಂಡಗಳಲ್ಲಿ ವಿಂಗ್ ಮೇಲೆ ಓಡುತ್ತಿದ್ದ ಹುಡುಗರನ್ನು ಹಿಂದೆ ತಂದು ಸೈಡ್ ಬ್ಯಾಕ್ ಮಾಡುವುದು ಸಾಮಾನ್ಯವಾಗಿದೆ. ಓಡುವ ಕಾಲು, ಕಾಯುವ ಬುದ್ಧಿ ಎರಡೂ ಬೇಕಾದ ಜಾಗ ಅದು.

ಇನ್ನು ಹಣದ ಮಾತು. ವೃತ್ತಿಪರ ಕ್ಲಬ್ ಸೇರಿದರೆ ಬದುಕು ನಿಂತಿತು ಎಂದು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಲೀಗ್ ನಡೆಸುವ ಹಕ್ಕಿನ ಒಪ್ಪಂದ ಮುಂದುವರಿಯದ ಕಾರಣ 2025ರ ಜುಲೈಯಲ್ಲಿ ಐ.ಎಸ್.ಎಲ್. ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ದೇಶಕ್ಕೆ ಹೆಸರಾದ ಆಟಗಾರರಿಗೇ ಹೀಗಾದರೆ ಕಾಲೇಜು ಹುಡುಗನ ಪಾಡೇನು? ಮಾರ್ಕೆಟ್ ಬಂದ್ ಆದ ದಿನ ಲೋಡು ತಂದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಬಾಗಿಲು ಮುಚ್ಚಿಲ್ಲ. ಸಂತೋಷ್ ಟ್ರೋಫಿಯನ್ನೇ ತೆಗೆದುಕೊಳ್ಳಿ. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಕರ್ನಾಟಕ 54 ವರ್ಷ ಕಾದು, 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ ತಂತು. ಇಂಥ ಟೂರ್ನಿ ಆಡಿದ ಹುಡುಗನಿಗೆ ರೈಲ್ವೆ, ಪೊಲೀಸ್, ಸೈನ್ಯ, ಬ್ಯಾಂಕುಗಳ ಕ್ರೀಡಾ ಕೋಟಾದಲ್ಲಿ ಕೆಲಸದ ಅರ್ಜಿ ಹಾಕುವ ಬಲ ಬರುತ್ತದೆ. ಸಂಬಳದ ನೌಕರಿ, ಜೊತೆಗೆ ಆಟ. ತಂಗರಾಜ್ ನಡೆದದ್ದೂ ಇದೇ ದಾರಿಯಲ್ಲಿ. ಮೊದಲು ಸಿಪಾಯಿ, ಜೊತೆಗೆ ಆಟಗಾರ.

ಮನೆಯವರು ಮಾಡಬೇಕಾದ್ದು

ಬೆಟ್ಟದ ಹುಡುಗರಿಗೆ ದಮ್ಮು ಜಾಸ್ತಿ ಎಂಬ ಮಾತು ಸುಳ್ಳಲ್ಲ. ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ತೆಳು ಗಾಳಿಯಲ್ಲಿ ಬೆಳೆದ ಮೈಗೆ ರಕ್ತದಲ್ಲಿ ಪ್ರಾಣವಾಯು ಹೊರುವ ಶಕ್ತಿ ಹೆಚ್ಚು. ಆದರೆ ದಮ್ಮು ಬೇರೆ, ವೇಗ ಬೇರೆ. ವೇಗ ಬರುವುದು ಸಮತಟ್ಟು ಮೈದಾನದಲ್ಲಿ, ಚಿಕ್ಕ ಚಿಕ್ಕ ಓಟ ಓಡಿ, ನಡುವೆ ಪೂರ್ತಿ ಸುಧಾರಿಸಿಕೊಂಡಾಗ. ಇಳಿಜಾರಿನಲ್ಲಿ ಕೆಳಮುಖವಾಗಿ ದಿನಾ ಓಡಿದರೆ ಮೊಣಕಾಲಿಗೆ ಪೆಟ್ಟು. ಜೂನಿನಿಂದ ಗೂಡಲೂರಲ್ಲಿ ಮಳೆ ಹಿಡಿದರೆ ಮೈದಾನ ಕೆಸರು. ಆ ದಿನಗಳನ್ನು ಸುಮ್ಮನೆ ಕಳೆಯದೆ ಹೊಟ್ಟೆ, ತೊಡೆ, ಹಿಮ್ಮಡಿ ಗಟ್ಟಿ ಮಾಡುವ ಕಸರತ್ತಿಗೆ ಇಟ್ಟುಕೊಳ್ಳಬೇಕು.

ಮೊಣಕಾಲಿನ ವಿಷಯದಲ್ಲಿ ಹುಡುಗಾಟ ಬೇಡ. ಆಡುವಾಗ ಮೊಣಕಾಲಲ್ಲಿ 'ಟಪ್' ಎಂದು ಸದ್ದಾಗಿ ಊದಿಕೊಂಡರೆ ಎಣ್ಣೆ ತಿಕ್ಕಿ ಮರುದಿನ ಮತ್ತೆ ಇಳಿಸಬಾರದು. ಒಳಗಿನ ಲಿಗಮೆಂಟ್ ಹರಿದಿದ್ದರೆ ಮತ್ತೆ ಆಡಲು ಒಂಬತ್ತು ತಿಂಗಳು, ಒಂದು ವರ್ಷ ಹಿಡಿಯುತ್ತದೆ. ಮೂಳೆ ಡಾಕ್ಟರಿಗೆ ತೋರಿಸುವುದು ತಡವಾದಷ್ಟೂ ನಷ್ಟ. ಚಹಾ ಗಿಡಕ್ಕೆ ಕೆಲವು ವರ್ಷಕ್ಕೊಮ್ಮೆ ಕವಾತು ಮಾಡಿ ಸುಧಾರಿಸಿಕೊಳ್ಳಲು ಬಿಡುತ್ತೇವೆ. ಅಷ್ಟು ದಿನ ಎಲೆ ಸಿಗದಿದ್ದರೂ ಗಿಡ ಬಾಳಲಿ ಅಂತ. ಹುಡುಗನ ಕಾಲಿಗೂ ಅಷ್ಟು ಕರುಣೆ ಬೇಕು. ಶನಿವಾರ ಕಾಲೇಜು ಮ್ಯಾಚ್, ಭಾನುವಾರ ಊರ ಟೂರ್ನಮೆಂಟ್, ಸೋಮವಾರ ಸೆವೆನ್ಸ್ ಆಟ ಎಂದು ಎಲ್ಲರೂ ಕರೆದಲ್ಲೆಲ್ಲ ಓಡಿಸಿದರೆ ಇಪ್ಪತ್ತೆರಡಕ್ಕೇ ಕಾಲು ಮುಗಿಯುತ್ತದೆ.

ಕಾಗದಪತ್ರದ ಕಡೆಗೂ ಗಮನ ಇರಲಿ. ಜನನ ಪ್ರಮಾಣ ಪತ್ರ, ಶಾಲೆಯ ದಾಖಲೆ, ಆಧಾರ್ ಮೂರರಲ್ಲೂ ಹುಟ್ಟಿದ ದಿನ ಒಂದೇ ಇರಬೇಕು. ಎರಡು ವರ್ಷ ಕಮ್ಮಿ ತೋರಿಸಿದರೆ ಚಿಕ್ಕವರ ತಂಡದಲ್ಲಿ ಮಿಂಚಬಹುದು ಎಂದು ಸಲಹೆ ಕೊಡುವ ಮಹಾಶಯರು ಎಲ್ಲ ಊರಲ್ಲೂ ಉಂಟು. ಸಿಕ್ಕಿಬಿದ್ದರೆ ಹೋಗುವುದು ಹುಡುಗನ ಹೆಸರು. ಆಡಿದ ಪ್ರತಿ ಟೂರ್ನಮೆಂಟಿನ ಸರ್ಟಿಫಿಕೇಟನ್ನು ಪಟ್ಟಾ, ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ. ಕ್ರೀಡಾ ಕೋಟಾದ ಅರ್ಜಿಗೆ ಅದೇ ಆಸ್ತಿ. ಮೈಸೂರು, ಬೆಂಗಳೂರಿಗೆ ಆಯ್ಕೆಗೆ ಕಳಿಸುವವರು ಹಿಂದಿನ ದಿನವೇ ಹೊರಡಿಸಿ. 2009ರಿಂದ ಬಂಡೀಪುರದ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧ ಇರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ನಿಲ್ಲಬೇಕಾದ ಹುಡುಗ ಆರಕ್ಕೆ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಕಾಯುತ್ತಾ ಕೂತರೆ ಆಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಡಿಗ್ರಿ. ಆಟಕ್ಕೋಸ್ಕರ ಕಾಲೇಜು ಬಿಡಿಸುವುದು ಒಂದೇ ಬೆಳೆಗೆ ಇಡೀ ಜಮೀನು ಕೊಟ್ಟ ಹಾಗೆ. ಹುಡುಗಿಯರಿಗೂ ಇದೇ ಮಾತು. ಅವರ ಓಟ ಕಂಡರೆ 'ಮದುವೆಯಾಗುವ ತನಕ ಆಡಲಿ' ಎನ್ನುವವರು, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದ ಹೆಣ್ಣುಮಕ್ಕಳ ಮನೆಗಳನ್ನು ಒಮ್ಮೆ ನೋಡಿ ಬರಲಿ.

ಕೋಚಿಗೆ ಕೇಳಬೇಕಾದ ಪ್ರಶ್ನೆ

ಹದಿನೆಂಟು, ಹತ್ತೊಂಬತ್ತರ ಹುಡುಗನಿಗೆ ಜಾಗ ಬದಲಿಸು ಎಂದರೆ ಅವಮಾನ ಎನಿಸುತ್ತದೆ. ಮನೆಯವರಿಗೂ ಮುಖ ಸಣ್ಣದಾಗುತ್ತದೆ. 'ಇಷ್ಟು ದಿನ ಗೋಲು ಹೊಡೆದವನನ್ನು ಹಿಂದೆ ಹಾಕಿದರಂತೆ' ಎಂದು ಸಂತೆಯಲ್ಲಿ ಮಾತಾಗುತ್ತದೆ. ಆ ಹೊತ್ತಿನಲ್ಲಿ ಹುಡುಗನ ಪರವಾಗಿ ಕೋಚಿನ ಜೊತೆ ಜಗಳಕ್ಕೆ ಹೋಗುವ ಮೊದಲು ತಂಗರಾಜ್ ಅವರನ್ನು ನೆನೆಯುವುದು ಒಳ್ಳೆಯದು. ಅವರು ಮುಂದಿನ ಸಾಲು ಬಿಡಲೊಲ್ಲೆ ಎಂದು ಹಟ ಹಿಡಿದಿದ್ದರೆ ಎಂ.ಆರ್.ಸಿ.ಗೆ ಒಬ್ಬ ಫಾರ್ವರ್ಡ್ ಉಳಿಯುತ್ತಿದ್ದ, ದೇಶಕ್ಕೆ ಒಬ್ಬ ಗೋಲ್‌ಕೀಪರ್ ತಪ್ಪುತ್ತಿದ್ದ.

ಹಾಗೆಂದು ಕೋಚ್ ಹೇಳಿದ್ದೆಲ್ಲ ವೇದವಾಕ್ಯ ಎಂದಲ್ಲ. ಬಲಗಾಲು ಮಾತ್ರ ಬಲ್ಲ ಹುಡುಗನಿಗೆ ಎಡಗಾಲು ಕಲಿಸದೆ, ಓಡಿ ಬಳಲಿದ ಮೇಲೆ ಪಾಸ್ ಹೇಗೆ ಕೊಡಬೇಕೆಂದು ತೋರಿಸದೆ, 'ಚೆಂಡು ಕೊಡ್ತೀವಿ, ನೀನು ಓಡು' ಎಂದಷ್ಟೇ ಹೇಳುವ ಕೋಚ್ ಈ ವರ್ಷದ ಕಪ್ ಗೆಲ್ಲಬಹುದು. ಹುಡುಗನ ಮುಂದಿನ ಹತ್ತು ವರ್ಷ ಆತನ ಲೆಕ್ಕದಲ್ಲಿ ಇಲ್ಲ.

ಆದ್ದರಿಂದ ಮಗನನ್ನು ಕಾಲೇಜು ತಂಡಕ್ಕೋ ಅಕಾಡೆಮಿಗೋ ಸೇರಿಸುವ ದಿನ, ಎಷ್ಟು ಗೋಲು ಹೊಡೆಯುತ್ತಾನೆ ಎಂದು ಕೇಳಬೇಡಿ. ಅದು ನಿಮಗೆ ಗೊತ್ತೇ ಇದೆ. ಕೇಳಬೇಕಾದ್ದು ಒಂದೇ ಮಾತು: 'ಸಾರ್, ಕಾಲಲ್ಲಿ ಚೆಂಡು ಇಲ್ಲದಾಗ ನಮ್ಮ ಹುಡುಗ ಏನು ಕೆಲಸ ಮಾಡ್ತಾನೆ? ಅದನ್ನ ಯಾರು ಕಲಿಸ್ತೀರಿ?' ಇದಕ್ಕೆ ಸರಿಯಾದ ಉತ್ತರ ಕೊಡುವ ಕೋಚ್ ಸಿಕ್ಕರೆ ಬಸ್ ಚಾರ್ಜಿಗೆ, ಬೂಟಿಗೆ ಧೈರ್ಯವಾಗಿ ದುಡ್ಡು ಬಿಚ್ಚಬಹುದು.